ಲಿನಕ್ಸ್‌ನ ಐಐಒ ಬಫರ್: ಪಂಪಿನ ಕಂಪನ ಅಳೆಯಲು ಬಳಸಿ ನೋಡಿದಾಗ

ಮನೆಯ ಬಾವಿಯ ಪಂಪು ಕೆಲವು ವಾರಗಳಿಂದ ಗೊರಗೊರ ಸದ್ದು ಮಾಡುತ್ತಿತ್ತು. ಬೇರಿಂಗ್ ಸವೆದಿದೆಯೋ, ಬುಡದ ಬೋಲ್ಟು ಸಡಿಲಾಗಿದೆಯೋ ಎಂದು ಅಂದಾಜಿನ ಮೇಲೆ ಬಿಚ್ಚುವ ಬದಲು ಕಂಪನವನ್ನು ಅಳೆದೇ ನೋಡೋಣವೆಂದು, ಚಲನೆಯನ್ನು ಅಳೆಯುವ ಎಂಪಿಯು-6050 ಸೆನ್ಸರ್ ಇರುವ ಪುಟ್ಟ ಬೋರ್ಡೊಂದನ್ನು ಮೋಟಾರಿನ ಮೈಗೆ ಬಿಗಿದು ರಾಸ್ಪ್‌ಬೆರಿ ಪೈ 4 ಎಂಬ ಚಿಕ್ಕ ಕಂಪ್ಯೂಟರಿಗೆ ಜೋಡಿಸಿದೆ. ಈ ವಿಮರ್ಶೆ ಆ ಬೋರ್ಡಿನದ್ದಲ್ಲ. ಅದರ ಅಳತೆಗಳನ್ನು ಹಿಡಿದು ನಮ್ಮ ಪ್ರೋಗ್ರಾಮಿಗೆ ತಲುಪಿಸುವ ಲಿನಕ್ಸ್ ಕರ್ನೆಲ್ಲಿನ ಐಐಒ (ಇಂಡಸ್ಟ್ರಿಯಲ್ ಐ/ಒ) ವ್ಯವಸ್ಥೆಯದ್ದು, ಅದರಲ್ಲೂ ಮುಖ್ಯವಾಗಿ ಅಳತೆಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಅದರ ಬಫರಿನದ್ದು. ಜೊನಾಥನ್ ಕ್ಯಾಮರಾನ್ ಆರಂಭಿಸಿದ ಈ ವ್ಯವಸ್ಥೆ 2009ರಲ್ಲಿ ಕರ್ನೆಲ್ಲಿನಲ್ಲಿ ಇನ್ನೂ ಪಕ್ವವಾಗದ ಕೋಡ್ ಇಡುವ ಸ್ಟೇಜಿಂಗ್ ವಿಭಾಗಕ್ಕೆ ಬಂದು, 2012ರಲ್ಲಿ ಅದರ ತಿರುಳು ಅಲ್ಲಿಂದ ಹೊರಬಂದು ಮುಖ್ಯ ಭಾಗಕ್ಕೆ ಸೇರಿತು.

ಐಐಒದಲ್ಲಿ ಅಳತೆ ಪಡೆಯಲು ಎರಡು ದಾರಿಗಳಿವೆ. ಮೊದಲನೆಯದು, ಕರ್ನೆಲ್ ತನ್ನ ಮಾಹಿತಿಯನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಪ್ರತಿ ಅಕ್ಷಕ್ಕೂ ಇರುವ ಫೈಲನ್ನು ಬೇಕೆಂದಾಗ ತೆರೆದು ಓದುವುದು. ಕೋಣೆಯ ಉಷ್ಣಾಂಶ ನೋಡುವುದಕ್ಕೆ ಇದು ಧಾರಾಳವಾಗಿ ಸಾಕು, ಆದರೆ ಕಂಪನಕ್ಕೆ ಏನೇನೂ ಸಾಲದು. ಎಕ್ಸ್, ವೈ, ಝಡ್ ಮೂರನ್ನೂ ಬೇರೆ ಬೇರೆಯಾಗಿ ಓದುವುದರಿಂದ ಅವು ಒಂದೇ ಗಳಿಗೆಯ ಅಳತೆಗಳಾಗಿರುವುದಿಲ್ಲ. ಎರಡು ಓದುಗಳ ನಡುವಿನ ಅಂತರವೂ ಪ್ರೋಗ್ರಾಮಿಗೆ ಪ್ರೊಸೆಸರ್ ಯಾವಾಗ ಸಿಗುತ್ತದೆ ಎಂಬುದರ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಕಾಲದ ಲೆಕ್ಕವೇ ತಪ್ಪಿದ ಮೇಲೆ ಆವರ್ತನದ ಮಾತೆಲ್ಲಿ ಬಂತು?

ಎರಡನೆಯ ದಾರಿಯೇ ಬಫರ್. ಸೆನ್ಸರಿನಲ್ಲಿ ಹೊಸ ಅಳತೆ ಸಿದ್ಧವಾದ ಕೂಡಲೇ ಕರ್ನೆಲ್ಲನ್ನು ಎಚ್ಚರಿಸುವ ಅದರ ಇಂಟರಪ್ಟ್ ತಂತಿ ಮಿಡಿಯುತ್ತದೆ. ಕರ್ನೆಲ್ ಆ ಕ್ಷಣದ ವೇಳೆಯನ್ನು ಗುರುತು ಹಾಕಿಕೊಳ್ಳುತ್ತದೆ. ಸೆನ್ಸರಿನೊಡನೆ ವ್ಯವಹರಿಸುವ ಕರ್ನೆಲ್ ಕೋಡಾದ ಡ್ರೈವರ್ ಅದರಿಂದ ಅಳತೆಯನ್ನು ಎತ್ತಿಕೊಂಡು ಕೆಫಿಫೊ ಎಂಬ ಸರದಿಗೆ ತಳ್ಳುತ್ತದೆ. ನಮ್ಮ ಪ್ರೋಗ್ರಾಮ್ ಬಿಡುವಾದಾಗ ಬಂದು ಕಂತೆಗಟ್ಟಲೆ ಒಯ್ಯುತ್ತದೆ. ಎಂಪಿಯು-6050ರ ಡ್ರೈವರ್ ತನ್ನ ಟ್ರಿಗರನ್ನು (ಅಳತೆ ಹಿಡಿಯಲು ಸೂಚಿಸುವ ಸಂಕೇತವನ್ನು) ತಾನೇ ಕಟ್ಟಿಕೊಂಡಿರುವುದರಿಂದ, ಬೇಕಾದ ಅಕ್ಷಗಳನ್ನೂ ವೇಳೆಯ ಗುರುತಾದ ಟೈಮ್‌ಸ್ಟಾಂಪನ್ನೂ ಆನ್ ಮಾಡಿ ಬಫರಿನ ಎನೇಬಲ್ ಫೈಲಿಗೆ 1 ಬರೆದರೆ ಕೆಲಸ ಶುರು. ಇಂಟರಪ್ಟ್ ತಂತಿಯೇ ಇಲ್ಲದ ಸೆನ್ಸರುಗಳಿಗೆ ಕರ್ನೆಲ್ಲಿನ ಟೈಮರನ್ನೇ ಟ್ರಿಗರಾಗಿಸುವ ಏರ್ಪಾಡೂ ಇದೆ.

ಹೊರಬರುವ ದಾಖಲೆಯ ರೂಪವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೂರು ಅಕ್ಷಗಳಿಗೆ ತಲಾ 2 ಬೈಟಿನಂತೆ 6 ಬೈಟು, ನಂತರ ಖಾಲಿ ಬಿಟ್ಟ 2 ಬೈಟು, ಕೊನೆಗೆ ನ್ಯಾನೊಸೆಕೆಂಡುಗಳಲ್ಲಿ ಬರೆದ 8 ಬೈಟಿನ ವೇಳೆ. ಒಟ್ಟು 16 ಬೈಟು. ಆ ಖಾಲಿ 2 ಬೈಟು ವೇಳೆಯನ್ನು 8ರ ಗಡಿಗೆ ಸರಿಯಾಗಿ ಕೂರಿಸಲು ಬಿಟ್ಟ ಜಾಗ. ಅಕ್ಷಗಳ ಅಂಕಿಗಳು ಬಿಗ್ ಎಂಡಿಯನ್ ಕ್ರಮದಲ್ಲಿ, ಅಂದರೆ ದೊಡ್ಡ ಬೆಲೆಯ ಬೈಟು ಮೊದಲು ಬರುವಂತೆ ಇರುತ್ತವೆ, ಪೈಯದು ಅದಕ್ಕೆ ತಿರುಗುಮುರುಗಾದ ಲಿಟಲ್ ಎಂಡಿಯನ್. ಹಾಗಾಗಿ ಆ ಬೈಟುಗಳನ್ನು ತಿರುಗಿಸಿ ಓದಬೇಕು. ಅಲುಗಾಡದೆ ಮಲಗಿರುವ ಬೋರ್ಡಿನ ಝಡ್ ಅಕ್ಷದಲ್ಲಿ 2 ಜಿ (ಗುರುತ್ವದ ಎರಡು ಪಟ್ಟಿನವರೆಗಿನ) ಶ್ರೇಣಿಯಲ್ಲಿ ಸುಮಾರು 16384 ಬರಬೇಕು. ತಿರುಗಿಸಲು ಮರೆತರೆ ಅದೇ 16384 ಎಂಬುದು 64 ಆಗಿ ಕಾಣುತ್ತದೆ, ತುಸುವೇ ಅಲುಗಿದರೂ ಅಂಕಿ ಸಾವಿರಗಟ್ಟಲೆ ನೆಗೆಯುತ್ತದೆ. ಯಾವ ಚಾನೆಲ್ಲಿನದು ಯಾವ ಕ್ರಮ, ಎಷ್ಟು ಬಿಟ್‌ಗಳು ಎಂಬುದನ್ನು ಡ್ರೈವರೇ ಒಂದು ಟೈಪ್ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಊಹೆಗೆ ಎಡೆಯಿಲ್ಲದ ಈ ಶಿಸ್ತು ನನಗೆ ಬಹಳ ಹಿಡಿಸಿತು.

ಇನ್ನು ನನ್ನ ತಕರಾರು. ಈ ಸರದಿಯ ಉದ್ದ ಪೂರ್ವನಿಯೋಜಿತವಾಗಿ ಕೇವಲ 2 ಇರುತ್ತದೆ. ಸೆಕೆಂಡಿಗೆ 500 ಅಳತೆ ಬರುವಾಗ ಎರಡು ಅಳತೆಯ ಜಾಗವೆಂದರೆ 4 ಮಿಲಿಸೆಕೆಂಡಿನ ಬಿಡುವು ಮಾತ್ರ, ಎಸ್‌ಡಿ ಕಾರ್ಡಿಗೆ ಬರೆಯುವಾಗ ಪ್ರೋಗ್ರಾಮ್ ಅದಕ್ಕಿಂತ ಹೆಚ್ಚು ತಡವರಿಸುವುದು ಮಾಮೂಲು. ಸರದಿ ತುಂಬಿದಾಗ ಹಳೆಯ ಅಳತೆಗಳು ಅಲ್ಲೇ ಉಳಿದು, ಹೊಸದಾಗಿ ಬಂದವು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಎಷ್ಟು ಬಿದ್ದವು ಎಂದು ನಮ್ಮ ಪ್ರೋಗ್ರಾಮಿಗೆ ಹೇಳುವ ಎಣಿಕೆ ಎಲ್ಲೂ ಇಲ್ಲ. ನನ್ನ ಮೊದಲ ದಿನದ ದಾಖಲೆಯೆಲ್ಲ ಹೀಗೇ ತೂತುತೂತಾಗಿತ್ತು. ನೋಡಲು ಫೈಲು ಸರಿಯಾಗಿಯೇ ಇತ್ತು. ಟೈಮ್‌ಸ್ಟಾಂಪುಗಳ ವ್ಯತ್ಯಾಸ ತೆಗೆದು ನೋಡಿದಾಗಲೇ, ಎಲ್ಲೆಡೆ ಸುಮಾರು 20 ಲಕ್ಷ ನ್ಯಾನೊಸೆಕೆಂಡು ಇರಬೇಕಾದ ಅಂತರ ಅಲ್ಲಲ್ಲಿ ಅದರ ಹತ್ತಾರು ಪಟ್ಟು ಆಗಿದ್ದು ಕಣ್ಣಿಗೆ ಬಿತ್ತು. ಉದ್ದವನ್ನು 1024ಕ್ಕೆ ಏರಿಸಿದಾಗ 16 ಕಿಲೊಬೈಟು ಮೆಮೊರಿಯಲ್ಲಿ ಎರಡು ಸೆಕೆಂಡಿನ ಉಸಿರು ಸಿಕ್ಕಿತು. ವಾಟರ್‌ಮಾರ್ಕನ್ನು (ಎಷ್ಟು ಅಳತೆ ಕೂಡಿದ ಮೇಲೆ ಪ್ರೋಗ್ರಾಮನ್ನು ಎಬ್ಬಿಸಬೇಕೆಂಬ ಮಿತಿಯನ್ನು) 100ಕ್ಕೆ ಇಟ್ಟಾಗ ಪ್ರೋಗ್ರಾಮ್ ಸೆಕೆಂಡಿಗೆ ಐದು ಸಲ ಮಾತ್ರ ಎಚ್ಚರಗೊಂಡಿತು, ತೂತುಗಳೆಲ್ಲ ಮುಚ್ಚಿಹೋದವು. ಟೈಮ್‌ಸ್ಟಾಂಪ್ ಆಫ್ ಮಾಡಿ ದಾಖಲೆಯನ್ನು ಚಿಕ್ಕದು ಮಾಡುವ ಆಸೆಗೆ ದಯವಿಟ್ಟು ಬೀಳಬೇಡಿ. ಕಳೆದುಹೋದದ್ದನ್ನು ಪತ್ತೆ ಹಚ್ಚಲು ಇರುವುದು ಅದೊಂದೇ.

ಆ ವೇಳೆಯೂ ಪೂರ್ವನಿಯೋಜಿತವಾಗಿ ಗೋಡೆ ಗಡಿಯಾರದ ವೇಳೆ. ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇಲ್ಲದ ಕಾರಣ, ನೆಟ್‌ವರ್ಕಿನಿಂದ ಸರಿಯಾದ ವೇಳೆ ಬಂದೊಡನೆ ಟೈಮ್‌ಸ್ಟಾಂಪ್ ದಿಢೀರನೆ ಜಿಗಿಯಬಹುದು. ಬಫರ್ ಆನ್ ಮಾಡುವ ಮೊದಲೇ ಅದನ್ನು ಹೀಗೆ ಜಿಗಿಯದೆ ಮುಂದಕ್ಕೇ ಸಾಗುವ ಮೊನೊಟೋನಿಕ್ ಗಡಿಯಾರಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು, ಆನ್ ಆದ ಮೇಲೆ ಬದಲಿಸಲು ಹೋದರೆ ಬ್ಯುಸಿ ಎಂಬ ಉತ್ತರವೇ ಸಿಗುತ್ತದೆ.

ಅಳತೆಯ ವೇಗವನ್ನೂ ಹಾಗೆಯೇ ಬಿಡಬಾರದು. ಈ ಡ್ರೈವರ್ ಸೆಕೆಂಡಿಗೆ 50 ಅಳತೆಯಿಂದ ಶುರುವಾಗುತ್ತದೆ. ನಿಮಿಷಕ್ಕೆ ಸುಮಾರು 2,880 ಸುತ್ತುವ ನನ್ನ ಪಂಪಿನ ಕಂಪನ ಸೆಕೆಂಡಿಗೆ 48 ಸಲ. 50ರಲ್ಲಿ ಅಳೆದರೆ ಅದು ಸೆಕೆಂಡಿಗೆ 2 ಸಲ ತೂಗುವ ಉಯ್ಯಾಲೆಯಂತೆ ತೋರುತ್ತದೆ. 500ಕ್ಕೆ ಏರಿಸಿದರೆ ಡ್ರೈವರ್ ಅದಕ್ಕೆ ಹೊಂದುವ ಫಿಲ್ಟರನ್ನೂ ತಾನೇ ಆರಿಸಿಕೊಳ್ಳುತ್ತದೆ. 1000ದವರೆಗೂ ಹೋಗಬಹುದು, ಆದರೆ ಆಗ ಸೆನ್ಸರಿಗೂ ಪೈಗೂ ನಡುವಿನ ಐ2ಸಿ ತಂತಿಗಳ ವೇಗವನ್ನು ಗಮನಿಸಬೇಕು: ಒಂದು ಅಳತೆಗೆ ವಿಳಾಸಗಳೂ ಸೇರಿ ಸುಮಾರು 14 ಬೈಟು, ಬೈಟಿಗೆ ಒಪ್ಪಿಗೆಯ ಬಿಟ್ಟೂ ಸೇರಿ 9 ಬಿಟ್ಟಿನಂತೆ 100 ಕಿಲೊಹರ್ಟ್ಸ್‌ನಲ್ಲಿ 1.26 ಮಿಲಿಸೆಕೆಂಡು ಬೇಕು, ಇರುವುದು 1 ಮಿಲಿಸೆಕೆಂಡು. ಐ2ಸಿಯನ್ನು 400ಕ್ಕೆ ಏರಿಸಿದರೆ ನಿರಾಳ.

ಒಂದೆರಡು ಅಳತೆ ಸಾಕೆನ್ನುವವರಿಗೆ ಈ ಬಫರ್ ಅನಗತ್ಯ ಗೋಜಲು. ಕಂಪನ, ಚಲನೆ, ವಿದ್ಯುತ್ ಅಲೆಗಳಂಥವನ್ನು ಅಳೆಯುವವರು ಸ್ವಂತ ಐ2ಸಿ ಕೋಡ್ ಬರೆಯುವ ಮೊದಲು ಇದನ್ನು ಬಳಸಿ ನೋಡಲೇಬೇಕು. ಬಿದ್ದುಹೋದ ಅಳತೆಗಳ ಎಣಿಕೆಯೊಂದು ಸೇರಿದ್ದರೆ ನನಗೆ ಯಾವ ದೂರೂ ಇರುತ್ತಿರಲಿಲ್ಲ. ನನ್ನ ಪಂಪಿನ ಆವರ್ತನ ನಕ್ಷೆಯಲ್ಲಿ 48ರ ಜಾಗದಲ್ಲಿ ಎದ್ದು ನಿಂತಿದ್ದ ಗೆರೆ, ಬುಡದ ಬೋಲ್ಟುಗಳನ್ನು ಬಿಗಿದ ಮೇಲೆ ಅರ್ಧಕ್ಕಿಂತ ಕೆಳಗಿಳಿಯಿತು, ಬೇರಿಂಗ್ ಬಿಚ್ಚಬೇಕಾಗಲಿಲ್ಲ.