ಮುಚ್ಚಳವಿಲ್ಲದ ಪ್ಲಾಸ್ಟಿಕ್ ಕ್ರೇಟು ರ್ಯಾಕಿನಲ್ಲಿದ್ದರೆ ಸ್ಪ್ರಿಂಕ್ಲರ್ ನಂಬಿ ಕೂರಬೇಡಿ

ಹೊಸೂರು, ಬಾಗಲೂರು, ಸೂಳಗಿರಿ ಕಡೆ ಗೋದಾಮು ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಒಂದು ಗೋದಾಮಿನಲ್ಲಿ ಬೆಂಕಿಯ ಬಿಸಿಗೆ ತಾನೇ ತೆರೆದು ನೀರು ಸುರಿಸುವ ಸ್ಪ್ರಿಂಕ್ಲರ್ ಇತ್ತು, ಪಂಪ್ ಓಡಿತು, ಟ್ಯಾಂಕಿನಲ್ಲಿ ನೀರೂ ಇತ್ತು. ಆದರೂ ಎರಡು ಸಾಲು ರ್ಯಾಕ್ ಸುಟ್ಟುಹೋದವು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ಅದೊಂದೇ ಸಮಾಧಾನ. ಬೆಂಕಿ ಆರಿದ ಮೇಲೆ ನೋಡಿದರೆ, ಮೇಲಿನ ಅಂತಸ್ತಿನಲ್ಲಿ ಉಳಿದಿದ್ದ ಕ್ರೇಟುಗಳ ಅಂಚು ಕರಗಿ ಜೋತುಬಿದ್ದಿತ್ತು. ಒಳಗೆ ಬೋಲ್ಟುಗಳ ಮೇಲೆ ನಾಲ್ಕು ಬೆರಳು ನೀರು ನಿಂತಿತ್ತು. ಕೆಳಗಿನ ಅಂತಸ್ತುಗಳಲ್ಲಿ ಕ್ರೇಟೇ ಇರಲಿಲ್ಲ, ಕರಿಹಿಡಿದ ಕಬ್ಬಿಣದ ರಾಶಿ ಮಾತ್ರ.

ಸ್ಪ್ರಿಂಕ್ಲರ್ ಹಾಕಿದ ಕಾಲಕ್ಕೆ ಅಲ್ಲಿ ಮರದ ಪ್ಯಾಲೆಟ್ ಮೇಲೆ ರಟ್ಟಿನ ಪೆಟ್ಟಿಗೆಗಳಿದ್ದವು. ಆಮೇಲೆ ಗಿರಾಕಿಯ ಕಡೆಯಿಂದ ತಿರುಗಿ ಕಳಿಸುವ ಪ್ಲಾಸ್ಟಿಕ್ ಕ್ರೇಟು ಬಂತು. ಸರಕು ಅದೇ, ರ್ಯಾಕ್ ಅದೇ, ಹಾಗಾಗಿ ಸ್ಪ್ರಿಂಕ್ಲರ್ ಲೆಕ್ಕವನ್ನು ಮತ್ತೆ ಯಾರೂ ತೆಗೆದು ನೋಡಲಿಲ್ಲ. ನಟ್ಟು ಬೋಲ್ಟು ಉರಿಯೋದಿಲ್ಲವಲ್ಲ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಬೋಲ್ಟು ಉರಿಯೋದಿಲ್ಲ ನಿಜ, ಕ್ರೇಟು ಉರಿಯುತ್ತದೆ. ಒಂದು ಕಿಲೋ ಪಾಲಿಪ್ರೊಪಿಲೀನ್ ಕೊಡುವ ಶಾಖ ಒಂದು ಕಿಲೋ ಸೌದೆಯದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಸುಮಾರು 165 ಡಿಗ್ರಿಗೆ ಅದು ಕರಗಿ, ಉರಿಯುತ್ತಲೇ ತೊಟ್ಟಿಕ್ಕಿ, ನೆಲದ ಮೇಲೆ ಹರಿದು ಪಕ್ಕದ ರ್ಯಾಕಿನ ಅಡಿಗೆ ಹೋಗುತ್ತದೆ. ಎನ್‌ಎಫ್‌ಪಿಎ 13 ಎಂಬ ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡದಲ್ಲಿ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಎರಡೂ ಅತಿ ಜೋರಾಗಿ ಉರಿಯುವ ಗ್ರೂಪ್ ಎ ಪ್ಲಾಸ್ಟಿಕ್. ರಟ್ಟಿನ ಪೆಟ್ಟಿಗೆಯಲ್ಲಿದ್ದ ಕಬ್ಬಿಣ ಕ್ಲಾಸ್ 1, ಅಂದರೆ ಎಲ್ಲಕ್ಕಿಂತ ಕಡಿಮೆ ಉರಿಯುವ ವರ್ಗ. ನಡುವಿನ ಅಂತರ ಅಷ್ಟು ದೊಡ್ಡದು.

ಇನ್ನು ನೀರಿನ ಲೆಕ್ಕ. ಗೋದಾಮಿನ ಸೂರಿನಲ್ಲಿ ಇದ್ದದ್ದು ಕೆ-80 ಅಳತೆಯ ಹೆಡ್‌ಗಳು (ನೀರು ಚಿಮ್ಮುವ ಬಾಯಿಗಳು; ಕೆ ಅಂಕಿ ಹೆಚ್ಚಿದಷ್ಟೂ ಬಾಯಿ ದೊಡ್ಡದು), ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್ ಲೆಕ್ಕದಲ್ಲಿ. ಆರು ಮೀಟರ್ ಎತ್ತರ ಜೋಡಿಸಿದ ಪ್ಲಾಸ್ಟಿಕ್ಕಿಗೆ ಸೂರಿನಿಂದಲೇ ನೀರು ಕೊಡುವುದಾದರೆ 24 ಲೀಟರಿನ ಆಸುಪಾಸು ಬೇಕು. ಒಂದು ಹೆಡ್ಡಿಗೆ 9 ಚದರ ಮೀಟರ್ ಅಂದರೆ 216 ಲೀಟರ್. ಅಷ್ಟನ್ನು ಕೆ-80 ಹೆಡ್ಡಿನಿಂದ ಹೊರಡಿಸಲು 7 ಬಾರ್‌ಗೂ ಮೇಲೆ ಒತ್ತಡ ಬೇಕು. ಆ ಪೈಪು, ಆ ಪಂಪಿನಲ್ಲಿ ಅದು ಆಗದ ಮಾತು. ಬೆಂಕಿ ತಗ್ಗದೆ ಶಾಖ ಏರಿದಂತೆ ಇನ್ನಷ್ಟು ಹೆಡ್‌ಗಳು ಒಡೆದವು, ಒಡೆದಷ್ಟೂ ಒಂದೊಂದರ ಒತ್ತಡ ಇಳಿಯಿತು.

ಆದರೆ ನೀರು ಹೆಚ್ಚಿಸಿದರೂ ಸಾಲದು, ಮುಚ್ಚಳವಿಲ್ಲದ ಕ್ರೇಟು ಅದನ್ನು ಕೆಳಗೆ ಬಿಡದೆ ಹಿಡಿದುಕೊಳ್ಳುತ್ತದೆ. ಎಲ್ಲರೂ ಮರೆಯುವುದು ಇದನ್ನೇ. 600×400×300 ಮಿ.ಮೀ. ಕ್ರೇಟಿನಲ್ಲಿ ಸುಮಾರು 60 ಲೀಟರ್ ನೀರು ಹಿಡಿಯುತ್ತದೆ, ಅದರ ಬಾಯಿ ಕಾಲು ಚದರ ಮೀಟರಿಗಿಂತ ಸ್ವಲ್ಪ ಕಡಿಮೆ. 24 ಲೀಟರ್ ದರದಲ್ಲಿ ಸುರಿದರೂ ಖಾಲಿ ಕ್ರೇಟು ತುಂಬಿ ಹೊರಚೆಲ್ಲಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಕೆಳಗಿನ ಬೆಂಕಿ ಕೈಮೀರಿರುತ್ತದೆ. ಒಂದು ಪ್ಯಾಲೆಟ್ಟಿನ ಮೇಲ್ಪದರದಲ್ಲಿ ಐದು ಕ್ರೇಟಿದ್ದರೆ 300 ಕಿಲೋ ಹೊಸ ಭಾರ ರ್ಯಾಕಿನ ಬೀಮಿಗೆ ಬೀಳಬಹುದು, ಅದೂ ಬಿಸಿಗೆ ಕಬ್ಬಿಣ ಮೆತ್ತಗಾಗುತ್ತಿರುವ ಹೊತ್ತಿನಲ್ಲಿ.

ಇಎಸ್‌ಎಫ್‌ಆರ್ (ಬೇಗ ತೆರೆದು ಜೋರಾಗಿ ನೀರು ಸುರಿಸುವ) ಹೆಡ್ ಹಾಕಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಎನ್‌ಎಫ್‌ಪಿಎ 13ರ ಇಎಸ್‌ಎಫ್‌ಆರ್ ಕೋಷ್ಟಕಗಳು ತೆರೆದ ಬಾಯಿಯ ಡಬ್ಬಿ ಇಲ್ಲದ ಸಂಗ್ರಹಕ್ಕೆ ಬರೆದವು. ಕೊಟೇಶನ್ ಕೊಟ್ಟವರು ನಿಮ್ಮ ಕ್ರೇಟನ್ನು ಕೈಯಲ್ಲಿ ಹಿಡಿದು ನೋಡಿಲ್ಲ ಅಂದರೆ ಸಹಿ ಹಾಕಬೇಡಿ.

ಮುಚ್ಚಳ ಮೊದಲ ದಾರಿ. ಹಾಕಿದ ಮುಚ್ಚಳ ಕಚ್ಚಿಕೊಂಡು ಕೂರಬೇಕು, ಪಾಳಿ ಮುಗಿಯುವಾಗ ಪಕ್ಕಕ್ಕೆ ಒರಗಿಸಿಟ್ಟಿರಬಾರದು. ಮುಚ್ಚಳ ನೀರನ್ನು ಸಂದಿಗೆ ಜಾರಿಸುತ್ತದೆ ಅಷ್ಟೆ. ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ, ಲೆಕ್ಕ ಗ್ರೂಪ್ ಎ ಆಗಿಯೇ ಉಳಿಯುತ್ತದೆ. ತಳದಲ್ಲಿ ತೂತಿರುವ ಟೊಮೇಟೊ ಕ್ರೇಟಿನಂಥವು ನೀರು ಬಿಡುತ್ತವೆ, ಆದರೆ ತುಕ್ಕು ಹಿಡಿಯಬಾರದೆಂದು ಒಳಗೆ ಪಾಲಿಥಿನ್ ಚೀಲ ಹಾಸಿದರೆ ಆ ತೂತು ಇದ್ದೂ ಇಲ್ಲದಂತೆ. ಅನುಮಾನವಿದ್ದರೆ ಒಂದು ಬಕೆಟ್ ನೀರು ಮೇಲಿನ ಕ್ರೇಟಿಗೆ ಹೊಯ್ದು ಎಲ್ಲಿ ಬೀಳುತ್ತದೆ ನೋಡಿ. ಮುಚ್ಚಳ ಆಗದ ಕ್ರೇಟುಗಳನ್ನು ನೆಲದ ಅಂತಸ್ತಿಗೆ ಇಳಿಸಿ, ಅಲ್ಲಿ ಅವು ಕೆಳಗಿನ ಯಾವುದಕ್ಕೂ ನೀರು ತಡೆಯುವುದಿಲ್ಲ.

ಇದ್ಯಾವುದೂ ಆಗದಿದ್ದರೆ ರ್ಯಾಕಿನೊಳಗೇ ಸ್ಪ್ರಿಂಕ್ಲರ್ ಬೇಕು. ದುಡ್ಡು ಹೆಚ್ಚು, ಫೋರ್ಕ್‌ಲಿಫ್ಟ್ ತಾಗುವ ಭಯವೂ ಇದೆ, ಆದರೂ ನಮ್ಮ ಮಟ್ಟಿಗೆ ಎತ್ತರದ ರ್ಯಾಕಿಗೆ ಇದೇ ಗಟ್ಟಿ ಉಪಾಯ. ಹೆಡ್ಡು ಪ್ಯಾಲೆಟ್ ನಡುವಿನ ಸಂದಿಯಲ್ಲಿರಲಿ, ಹೆಡ್ಡಿನ ತುದಿಯಲ್ಲಿ ನೀರು ಹರಡುವ ತಟ್ಟೆಗೂ (ಡಿಫ್ಲೆಕ್ಟರ್) ಕೆಳಗಿನ ಸರಕಿಗೂ ಕನಿಷ್ಠ 150 ಮಿ.ಮೀ. ಬಿಡಿ, ಕಬ್ಬಿಣದ ಗಾರ್ಡ್ ಹಾಕಿಸಿ. ಪ್ಯಾಲೆಟ್‌ಗಳ ನಡುವೆ, ಬೆನ್ನಿಗೆ ಬೆನ್ನು ಕೊಟ್ಟ ರ್ಯಾಕ್‌ಗಳ ನಡುವೆಯೂ 150 ಮಿ.ಮೀ. ಸಂದಿ ತೆರೆದೇ ಇರಬೇಕು. ಬೀಮಿನ ಮೇಲೆ ಬಣ್ಣದ ಗೆರೆ ಎಳೆಸಿದರೆ ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಕಾಣುತ್ತದೆ. ಸೂರಿನ ಹೆಡ್ಡಿಗೂ ಸರಕಿನ ತುದಿಗೂ ಸಾಮಾನ್ಯ ಸ್ಪ್ರಿಂಕ್ಲರಿಗೆ 457 ಮಿ.ಮೀ., ಇಎಸ್‌ಎಫ್‌ಆರ್ ಆದರೆ 914 ಮಿ.ಮೀ. ಖಾಲಿ ಬಿಡಿ.

ಖಾಲಿ ಕ್ರೇಟುಗಳ ಅಟ್ಟಿ ತುಂಬಿದ್ದಕ್ಕಿಂತ ಅಪಾಯ, ಒಳಗೆಲ್ಲ ಗಾಳಿ. ಅವನ್ನು ರ್ಯಾಕ್ ಸಾಲಿನ ಕೊನೆಯಲ್ಲಿ, ಚಾರ್ಜಿಂಗ್ ಜಾಗದ ಹತ್ತಿರ ಇಡಲೇಬೇಡಿ. ಗೋಡೆಯಿಂದ ದೂರ, ಹೊರಗೆ ಶೆಡ್ಡಿಗೆ ಹಾಕಿ. ವಿಮೆ ನವೀಕರಿಸುವಾಗ ಸರಕಿನ ಹೆಸರಿನ ಪಕ್ಕದಲ್ಲಿ ‘ಮುಚ್ಚಳವಿಲ್ಲದ ಪ್ಲಾಸ್ಟಿಕ್ ಕ್ರೇಟು, ಇಷ್ಟು ಎತ್ತರ’ ಎಂದು ಬರೆದುಕೊಟ್ಟು ಪ್ರತಿ ಇಟ್ಟುಕೊಳ್ಳಿ.