ಐಸಿಸಿಎ ಬಾರ್ ಕೋರ್ಸ್: ಕ್ರಿಮಿನಲ್ ಡಿಫೆನ್ಸ್ ಹಾದಿ ಹಿಡಿಯುವವರಿಗೆ

ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗಿ ಆರೋಪಿಗಳ ಪರ ನಿಲ್ಲಬೇಕೆನ್ನುವವರು ಕಾನೂನು ಪದವಿಯ ನಂತರ ಬಾರ್ ಕೋರ್ಸ್ ಮುಗಿಸಲೇಬೇಕು. ಅದನ್ನು ನಡೆಸುವ ಸಂಸ್ಥೆಗಳು ಹಲವಿವೆ. ಇನ್ಸ್ ಆಫ್ ಕೋರ್ಟ್ ಕಾಲೇಜ್ ಆಫ್ ಅಡ್ವೊಕೆಸಿ, ಅಂದರೆ ಐಸಿಸಿಎ, 2020ರಿಂದ ನಡೆಸುತ್ತಿರುವ ಕೋರ್ಸನ್ನು ನಾವು ಮೊದಲ ಸಾಲಿನಲ್ಲಿ ಇಡುತ್ತೇವೆ. ಎರಡು ಭಾಗವಾಗಿ ಒಡೆದಿರುವುದೇ ಅದಕ್ಕೆ ಮುಖ್ಯ ಕಾರಣ.

ಮೊದಲ ಭಾಗವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಓದಬಹುದು, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ಆದೀತು. ಇದರ ಶುಲ್ಕ ಒಟ್ಟು ಮೊತ್ತದಲ್ಲಿ ಸಣ್ಣ ಪಾಲು. ಸಿವಿಲ್ ಮತ್ತು ಕ್ರಿಮಿನಲ್ ಲಿಟಿಗೇಶನ್ ಪರೀಕ್ಷೆಗಳನ್ನು ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್ ನಡೆಸುತ್ತದೆ. ಅವು ಪಾಸಾದ ಮೇಲೆಯೇ ಎರಡನೇ ಭಾಗದ ದೊಡ್ಡ ಮೊತ್ತ ಕಟ್ಟುವುದು. ಸಾಲ ಮಾಡಿ ಹೋಗುವ ಮನೆಯವರಿಗೆ ಇದು ಸಣ್ಣ ವಿಷಯವಲ್ಲ.

ಕ್ರಿಮಿನಲ್ ಪತ್ರಿಕೆಯಲ್ಲಿ ಪುಸ್ತಕ ನೋಡುವಂತಿಲ್ಲ. ಭಾರತದಲ್ಲಿ ಕಲಿತವರು ಎಡವುವ ಜಾಗ ಬಹುತೇಕ ಒಂದೇ: ಮೌನ. ನಮ್ಮಲ್ಲಿ ಆರೋಪಿ ಪೊಲೀಸರ ಮುಂದೆ ಬಾಯಿ ಬಿಡದಿದ್ದರೆ ಅದನ್ನು ಅವನ ವಿರುದ್ಧ ಬಳಸುವಂತಿಲ್ಲ. ಅಲ್ಲಿ 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಪೊಲೀಸ್ ವಿಚಾರಣೆಯಲ್ಲಿ ಹೇಳದೆ ಬಿಟ್ಟ ಸಂಗತಿಯನ್ನು ಆಮೇಲೆ ಕೋರ್ಟಿನಲ್ಲಿ ಎತ್ತಿದರೆ ಜ್ಯೂರಿ ಅದರಿಂದ ಪ್ರತಿಕೂಲ ತೀರ್ಮಾನಕ್ಕೆ ಬರಬಹುದು. ಆರೋಪಿಯ ಹಿಂದಿನ ನಡತೆಯನ್ನು ಸಾಕ್ಷ್ಯವಾಗಿ ತರಲು 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಇಟ್ಟಿರುವ ಏಳು ದಾರಿಗಳನ್ನೂ ಬಾಯಿಪಾಠ ಮಾಡಿಕೊಳ್ಳಿ.

ಎರಡನೇ ಭಾಗ ಲಂಡನ್ನಿನಲ್ಲಿ. ಕೊಟ್ಟ ದುಡ್ಡಿಗೆ ಬೆಲೆ ಸಿಗುವುದು ಇಲ್ಲೇ. ವಕಾಲತ್ತು ಕಲಿಸುವುದು ಹ್ಯಾಂಪೆಲ್ ವಿಧಾನದಲ್ಲಿ. ವಿದ್ಯಾರ್ಥಿ ಪಾಟೀಸವಾಲಿನಲ್ಲಿ ಹೀಗೆ ಕೇಳುತ್ತಾನೆ ಅಂದುಕೊಳ್ಳಿ: "ಕತ್ತಲಿತ್ತು, ನೀವು ದೂರದಲ್ಲಿದ್ದಿರಿ, ಕನ್ನಡಕವೂ ಹಾಕಿರಲಿಲ್ಲ, ಅಲ್ಲವೇ?" ತರಬೇತುದಾರರು ಮೊದಲು ತಪ್ಪನ್ನು ಒಂದೇ ಸಾಲಿನಲ್ಲಿ ಹೆಸರಿಸುತ್ತಾರೆ: ಒಂದು ಪ್ರಶ್ನೆಯಲ್ಲಿ ಮೂರು ಸಂಗತಿ. ಆಮೇಲೆ ಅವನ ಮಾತನ್ನು ಅಕ್ಷರಶಃ ಓದಿ ಹೇಳುತ್ತಾರೆ. ಸಾಕ್ಷಿ ತನಗೆ ಬೇಕಾದ ಒಂದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದೆರಡರಿಂದ ನುಣುಚಿಕೊಳ್ಳುತ್ತಾನೆ ಎಂದು ವಿವರಿಸುತ್ತಾರೆ. ಮೂರಾಗಿ ಒಡೆಯಲು ಹೇಳಿ, ತಾವೇ ಕೇಳಿ ತೋರಿಸಿ, ಕೊನೆಗೆ ಅವನಿಂದ ಮತ್ತೆ ಕೇಳಿಸುತ್ತಾರೆ. ಹತ್ತು ತಪ್ಪಿದ್ದರೂ ಒಂದು ಸರದಿಗೆ ಒಂದನ್ನೇ ಹಿಡಿಯುವುದರಿಂದ ಕಲಿತದ್ದು ನಾಲಿಗೆಯಲ್ಲಿ ಉಳಿಯುತ್ತದೆ.

ಕೋರ್ಸ್ ಕೊಡಲಾರದ್ದು ಪ್ಯೂಪಿಲೇಜ್, ಅಂದರೆ ಹಿರಿಯ ಬ್ಯಾರಿಸ್ಟರ್ ಕೈಕೆಳಗಿನ ತರಬೇತಿ. ಕೋರ್ಸ್ ಮುಗಿಸಿ, ಇನ್ (ಬ್ಯಾರಿಸ್ಟರ್‌ಗಳ ಸಂಘ) ನಡೆಸುವ 10 ಅರ್ಹತಾ ಕೂಟಗಳಿಗೆ ಹೋಗಿ ಬಾರ್‌ಗೆ ಕರೆಸಿಕೊಂಡರೆ, ಅಂದರೆ ಬ್ಯಾರಿಸ್ಟರ್ ಆಗಿ ವಿಧಿವತ್ತಾಗಿ ಸೇರಿಸಿಕೊಂಡರೆ, ಬ್ಯಾರಿಸ್ಟರ್ ಎಂಬ ಹೆಸರು ಬರುತ್ತದೆ, ಆದರೆ ಕೇಸು ನಡೆಸುವ ಹಕ್ಕು ಬರುವುದಿಲ್ಲ. ಅದಕ್ಕೆ 12 ತಿಂಗಳ ಪ್ಯೂಪಿಲೇಜ್ ಬೇಕು. ಮೊದಲ ಆರು ತಿಂಗಳು ಹಿರಿಯರ ಬೆನ್ನಿಗೆ ನಿಂತು ನೋಡುವುದು. ಮುಂದಿನ ಆರರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜಾಮೀನು, ಶಿಕ್ಷೆ ಕಡಿತದ ಮನವಿ, ಸಣ್ಣ ವಿಚಾರಣೆಗಳು. ಅಲ್ಲಿ ವಿಗ್ ಹಾಕುವುದಿಲ್ಲ. ಕುದುರೆ ಕೂದಲಿನ ವಿಗ್ ದುಬಾರಿ, ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕ್ರೌನ್ ಕೋರ್ಟಿನ ಕೆಲಸ ಬರುವವರೆಗೆ ಕೊಳ್ಳಬೇಡಿ.

ಪ್ಯೂಪಿಲೇಜ್ ವೇಳೆ ಕನಿಷ್ಠ ಭತ್ಯೆ ಉಂಟು. ಆಮೇಲೆ ಸ್ವಂತ ದುಡಿಮೆ. ಲೀಗಲ್ ಏಡ್ ಹಣ, ಅಂದರೆ ವಕೀಲರ ಖರ್ಚು ಭರಿಸಲಾಗದ ಆರೋಪಿಗಳ ಪರ ಸರ್ಕಾರ ಕೊಡುವ ಶುಲ್ಕ, ಕೇಸು ಮುಗಿದ ಮೇಲೆ ಬರುತ್ತದೆ, ರೈಲು ಟಿಕೆಟ್ ಮಾತ್ರ ಇವತ್ತೇ ತೆಗೆಯಬೇಕು. 2022ರಲ್ಲಿ ಕ್ರಿಮಿನಲ್ ಬ್ಯಾರಿಸ್ಟರ್‌ಗಳು ಕೋರ್ಟ್ ಬಿಟ್ಟು ಹೊರಬಂದದ್ದು ಈ ಶುಲ್ಕದ ವಿಷಯಕ್ಕೇ. ಕೆಲವು ತಿಂಗಳ ಖರ್ಚು ಕೈಯಲ್ಲಿಲ್ಲದೆ ಈ ವೃತ್ತಿಗೆ ಇಳಿಯಬೇಡಿ.

ನಮ್ಮ ಸಲಹೆ: ಮೊದಲ ಭಾಗ ಓದುತ್ತಿರುವಾಗಲೇ ಪ್ಯೂಪಿಲೇಜ್ ಗೇಟ್‌ವೇ ಎಂಬ ಆನ್‌ಲೈನ್ ತಾಣದಲ್ಲಿ ಅರ್ಜಿ ಹಾಕಿ. ಜನವರಿಯಲ್ಲಿ ತೆರೆಯುತ್ತದೆ, ಮೇ ತಿಂಗಳಲ್ಲಿ ಆಫರ್ ಬರುತ್ತವೆ. ಎಷ್ಟು ಚೇಂಬರ್‌ಗಳು (ಬ್ಯಾರಿಸ್ಟರ್‌ಗಳ ಕಚೇರಿಗಳು) ಸಂದರ್ಶನಕ್ಕೆ ಕರೆದವು ಎಂದು ನೋಡಿಕೊಂಡು ಎರಡನೇ ಭಾಗದ ಹಣ ಕಟ್ಟಿ.