ಭೂತಾನ್, ಮಾಲ್ಡೀವ್ಸ್ ಸಾಲ ಹೋಲಿಸಲು ವಿಶ್ವಬ್ಯಾಂಕಿನ ಐಡಿಎಸ್: ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು

ಭೂತಾನ್ ಮತ್ತು ಮಾಲ್ಡೀವ್ಸ್ ಎರಡರ ಸರ್ಕಾರಿ ಸಾಲವೂ ಜಿಡಿಪಿಯ ನೂರು ಪ್ರತಿಶತ ದಾಟಿದೆ. ಅಷ್ಟನ್ನೇ ನೋಡಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಬಹಳ. ಸಾಲ ಯಾರದು, ಯಾವ ಹಣದಲ್ಲಿದೆ, ತೀರಿಸುವ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಎರಡೂ ಬೇರೆಬೇರೆ ಕತೆಗಳು. ಇದನ್ನು ಕೆದಕಲು ಉಚಿತವಾಗಿ ಸಿಗುವ ಒಳ್ಳೆಯ ಸಾಧನ ವಿಶ್ವಬ್ಯಾಂಕಿನ ಇಂಟರ್‌ನ್ಯಾಷನಲ್ ಡೆಟ್ ಸ್ಟಾಟಿಸ್ಟಿಕ್ಸ್, ಅಂದರೆ ಐಡಿಎಸ್.

ವಿಶ್ವಬ್ಯಾಂಕಿನ ಡೇಟಾಬ್ಯಾಂಕ್ ತಾಣದಲ್ಲಿ ಐಡಿಎಸ್ ಆರಿಸಿ, ಕಂಟ್ರಿ ಪಟ್ಟಿಯಲ್ಲಿ ಎರಡೂ ದೇಶಗಳಿಗೆ ಟಿಕ್ ಹಾಕಿ. ಸೀರೀಸ್‌ನಲ್ಲಿ ಡಿಟಿ.ಡಿಒಡಿ.ಡಿಪಿಪಿಜಿ.ಸಿಡಿ ಹುಡುಕಿ; ಸರ್ಕಾರ ತೆಗೆದುಕೊಂಡ ಮತ್ತು ಸರ್ಕಾರ ಜಾಮೀನು ನಿಂತ ದೀರ್ಘಾವಧಿ ವಿದೇಶಿ ಸಾಲ ಇದು. ಹೊಸಬರು ಎಡವುವುದು ‘ಕೌಂಟರ್‌ಪಾರ್ಟ್ ಏರಿಯಾ’ದಲ್ಲಿ, ಅಂದರೆ ಸಾಲ ಕೊಟ್ಟವರ ಪಟ್ಟಿಯಲ್ಲಿ. ಒಟ್ಟು ಬೇಕಿದ್ದರೆ ‘ವರ್ಲ್ಡ್’ ಒಂದನ್ನೇ ಆರಿಸಬೇಕು. ಎಲ್ಲವನ್ನೂ ಆರಿಸಿ ಎಕ್ಸೆಲ್‌ನಲ್ಲಿ ಕೂಡಿದರೆ ‘ವರ್ಲ್ಡ್’ ಮೊತ್ತವೂ ಸಾಲ ಕೊಟ್ಟ ಒಬ್ಬೊಬ್ಬರ ಮೊತ್ತವೂ ಸೇರಿ ಸಾಲ ಇಮ್ಮಡಿಯಾಗುತ್ತದೆ. ಎರಡು ಚುಕ್ಕಿ ಇರುವ ಕೋಶ ಅಂದರೆ ಮಾಹಿತಿ ಇಲ್ಲ ಎಂದರ್ಥ. ಅದನ್ನು ಸೊನ್ನೆ ಎಂದು ತುಂಬಬೇಡಿ.

ಸಾಲ ಕೊಟ್ಟವರ ಹೆಸರು ಬಿಡಿಸಿ ತೋರಿಸುವುದೇ ಈ ಸೇವೆಯ ಹೆಚ್ಚುಗಾರಿಕೆ. ಭೂತಾನಿನ ಸಾಲಿನಲ್ಲಿ ಭಾರತವೇ ಎದ್ದು ಕಾಣುತ್ತದೆ. ಅದರಲ್ಲಿ ದೊಡ್ಡ ಪಾಲು ಜಲವಿದ್ಯುತ್ತಿನದು. 720 ಮೆಗಾವಾಟ್‌ನ ಮಾಂಗ್‌ದೇಛು ಯೋಜನೆಗೆ ಭಾರತ ಕೊಟ್ಟ ಹಣದಲ್ಲಿ 70 ಪ್ರತಿಶತ ಸಾಲ, 30 ಪ್ರತಿಶತ ಅನುದಾನ. 2019ರಲ್ಲಿ ಅದು ಚಾಲೂ ಆಯಿತು. ಕರೆಂಟು ಭಾರತಕ್ಕೇ ಮಾರಾಟವಾಗಿ ಕಂತಿನ ಹಣ ರೂಪಾಯಿಯಲ್ಲೇ ಬರುತ್ತದೆ. ಭೂತಾನಿನ ಹಣವಾದ ನುಲ್ಟ್ರಮ್ ನಮ್ಮ ರೂಪಾಯಿಗೆ ಒಂದಕ್ಕೊಂದು ಕಟ್ಟಿರುವುದರಿಂದ ವಿನಿಮಯದ ಪೆಟ್ಟೂ ಇಲ್ಲ. ಅಪಾಯ ಇರುವುದು ಕಾಮಗಾರಿ ತಡವಾದಾಗ. 1200 ಮೆಗಾವಾಟ್‌ನ ಪುನಾತ್ಸಾಂಗ್‌ಛು-1ರಲ್ಲಿ 2013ರಲ್ಲಿ ಅಣೆಕಟ್ಟೆಯ ಬಲದಂಡೆ ಜರುಗಿತು. ವಿದ್ಯುತ್ ಬಾರದಿದ್ದರೂ ಬಡ್ಡಿ ಅಸಲಿಗೆ ಸೇರುತ್ತಲೇ ಹೋಯಿತು.

ಇಲ್ಲೇ ಐಡಿಎಸ್‌ನ ಮೊದಲ ದೋಷ. ಎಲ್ಲವನ್ನೂ ಅದು ಡಾಲರಿನಲ್ಲಿ ಕೊಡುತ್ತದೆ. 1,000 ಕೋಟಿ ರೂಪಾಯಿ ಸಾಲ, ಡಾಲರಿಗೆ 74 ರೂಪಾಯಿ ಇದ್ದಾಗ ಸುಮಾರು 13.5 ಕೋಟಿ ಡಾಲರ್. 83 ಆದಾಗ ಸುಮಾರು 12 ಕೋಟಿ. ಭೂತಾನ್ ಒಂದು ಪೈಸೆ ತೀರಿಸದೆಯೂ ಸಾಲ ಇಳಿದಂತೆ ಕಾಣುತ್ತದೆ. ಹಾಗಾಗಿ ಭೂತಾನಿನ ಏರಿಳಿತವನ್ನು ಆ ದೇಶದ ಹಣಕಾಸು ಸಚಿವಾಲಯದ ತ್ರೈಮಾಸಿಕ ಸಾಲ ವರದಿಯೊಂದಿಗೆ ತಾಳೆ ನೋಡಲೇಬೇಕು. ಅಲ್ಲಿ ರೂಪಾಯಿ ಸಾಲ, ಇತರ ಕರೆನ್ಸಿಗಳ ಸಾಲ ಬೇರೆಬೇರೆ ಇರುತ್ತವೆ.

ಎರಡನೆಯ ದೋಷ ಮಾಲ್ಡೀವ್ಸ್ ವಿಚಾರದಲ್ಲಿ ಇನ್ನೂ ದುಬಾರಿ. ಐಡಿಎಸ್‌ನಲ್ಲಿ ದೇಶದೊಳಗಿನ ಸಾಲವೇ ಇಲ್ಲ. ಮಾಲ್ಡೀವ್ಸ್ ಸರ್ಕಾರ ಟ್ರೆಷರಿ ಬಿಲ್, ಬಾಂಡುಗಳ ಮೂಲಕ ಅಲ್ಲಿನ ಬ್ಯಾಂಕು, ಪಿಂಚಣಿ ನಿಧಿಗಳಿಂದ ಎತ್ತಿದ ಹಣ ಅದರ ಒಟ್ಟು ಸಾಲದ ಅರ್ಧಕ್ಕಿಂತ ಹೆಚ್ಚು. ಐಡಿಎಸ್ ಒಂದನ್ನೇ ನಂಬಿದರೆ ಆ ಅರ್ಧ ಕಣ್ಣಿಗೇ ಬೀಳುವುದಿಲ್ಲ. ವಿದೇಶಿ ಭಾಗವಂತೂ ಬಿಗಿಯಾದದ್ದು: 2021ರಲ್ಲಿ ಹೊರಡಿಸಿದ 50 ಕೋಟಿ ಡಾಲರ್ ಸುಕೂಕ್‌ಗೆ (ಇಸ್ಲಾಮಿಕ್ ಬಾಂಡ್) 9.875 ಪ್ರತಿಶತ ದರ, 2026ರ ಏಪ್ರಿಲ್‌ನಲ್ಲಿ ಇಡೀ ಅಸಲಿನ ಗಡುವು. ಡಾಲರ್ ದುಡಿಯಲು ಅವರಿಗಿರುವುದು ಮುಖ್ಯವಾಗಿ ಪ್ರವಾಸೋದ್ಯಮ. ಅದಕ್ಕೇ ಇಲ್ಲಿ ಒಟ್ಟು ಸಾಲಕ್ಕಿಂತ ವರ್ಷವರ್ಷದ ಕಂತು ನೋಡಿ: ಡಿಟಿ.ಟಿಡಿಎಸ್.ಡಿಪಿಪಿಜಿ.ಸಿಡಿ.

ಪ್ರತಿಶತ ಲೆಕ್ಕದಲ್ಲೂ ಒಂದು ತೊಡಕಿದೆ. ಐಡಿಎಸ್ ಸಾಲವನ್ನು ಭಾಗಿಸುವುದು ಜಿಎನ್‌ಐಯಿಂದ, ಅಂದರೆ ಒಟ್ಟು ರಾಷ್ಟ್ರೀಯ ಆದಾಯದಿಂದ. ಐಎಂಎಫ್‌ನ ವರ್ಲ್ಡ್ ಎಕನಾಮಿಕ್ ಔಟ್‌ಲುಕ್ ಜಿಡಿಪಿಯಿಂದ ಭಾಗಿಸುತ್ತದೆ. ರೆಸಾರ್ಟುಗಳ ವಿದೇಶಿ ಮಾಲೀಕರ ಲಾಭ ಹೊರಗೆ ಹೋಗುವುದರಿಂದ ಮಾಲ್ಡೀವ್ಸ್‌ನ ಜಿಎನ್‌ಐ ಜಿಡಿಪಿಗಿಂತ ಕಡಿಮೆ, ಪ್ರತಿಶತ ತಾನಾಗಿ ಏರುತ್ತದೆ. ಒಂದು ದೇಶಕ್ಕೆ ಒಂದು, ಇನ್ನೊಂದಕ್ಕೆ ಮತ್ತೊಂದು ಮೂಲ ಬಳಸಿದರೆ ಹೋಲಿಕೆ ಕೆಟ್ಟಂತೆಯೇ. ಬಜೆಟ್ ವರ್ಷವೂ ಬೇರೆ: ಭೂತಾನಿನದು ಜುಲೈಯಿಂದ ಜೂನ್, ಮಾಲ್ಡೀವ್ಸ್‌ನದು ಜನವರಿಯಿಂದ ಡಿಸೆಂಬರ್.

ವಿದೇಶಿ ಸಾಲ ಅಳೆಯಲು ಐಡಿಎಸ್‌ಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು, ಸರ್ಕಾರದ ಪೂರ್ತಿ ಹೊಣೆ ಅಳೆಯಲು ಎರಡೇ. ಡಿಸೆಂಬರ್‌ನಲ್ಲಿ ಬರುವ ಆವೃತ್ತಿಯಲ್ಲಿ ಹಿಂದಿನ ವರ್ಷದವರೆಗಿನ ಅಂಕಿ ಮಾತ್ರ ಇರುತ್ತದೆ. ಹಳೆಯ ವರ್ಷಗಳ ಅಂಕಿಯನ್ನೂ ಅದರಲ್ಲಿ ತಿದ್ದಿರುತ್ತಾರೆ. ಇಳಿಸಿಕೊಂಡ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ, ಎರಡು ಆವೃತ್ತಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.